ಬೇಸ್, ಡ್ರಮ್ಸ್, ಒಂದು ವ್ಯಾನ್: ಕೆನಡಾದ ಪಂಕ್ ಬ್ಯಾಂಡೊಂದರ 37 ವರ್ಷ

1979ರಲ್ಲಿ ಶುರುವಾಗಿ 2016ರಲ್ಲಿ ನಿಂತ ಒಂದು ಪಂಕ್ (ವೇಗದ, ಒರಟು ದನಿಯ ರಾಕ್ ಸಂಗೀತ) ಬ್ಯಾಂಡಿನ ಪ್ರಕರಣ ಇದು. ಬ್ಯಾಂಡಿನ ಮತ್ತು ಸದಸ್ಯರ ಹೆಸರುಗಳನ್ನು ಬೇಕೆಂದೇ ಬಿಟ್ಟಿದೆ. ಬೇಸ್ ಗಿಟಾರ್ ನುಡಿಸಿದವನು ಅಣ್ಣ, ಡ್ರಮ್ಸ್ ನುಡಿಸಿದವನು ತಮ್ಮ. ಇಬ್ಬರೂ ಒಡಹುಟ್ಟಿದವರೇ ಆದ್ದರಿಂದ ಇಲ್ಲಿ ಅವರನ್ನು ಹಾಗೆಯೇ ಕರೆಯಲಾಗಿದೆ. 1983ರಿಂದ 1992ರವರೆಗೆ ಇದ್ದವನು ಮೊದಲ ಗಿಟಾರಿಸ್ಟ್, 1993ರಿಂದ ಕೊನೆಯವರೆಗೆ ಇದ್ದವನು ಎರಡನೆಯ ಗಿಟಾರಿಸ್ಟ್. ಪಂಕ್ ಬ್ಯಾಂಡುಗಳ ಸರಾಸರಿ ಆಯಸ್ಸು ನೋಡಿದವರಿಗೆ 37 ವರ್ಷ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬ್ಯಾಂಡು ಜನಪ್ರಿಯವಾದದ್ದು ಹೇಗೆ ಎಂಬುದು ಇಲ್ಲಿ ಮುಖ್ಯವಾಗಿಲ್ಲ. ಪ್ರತಿ ಸಲ ಒಡೆಯಬೇಕಾಗಿದ್ದ ಜಾಗದಲ್ಲಿ ಅದು ಯಾಕೆ ಒಡೆಯಲಿಲ್ಲ ಎಂಬುದನ್ನು ನೋಡುವುದು ಉದ್ದೇಶ.

ಹಿನ್ನೆಲೆ

ಊರು ವಿಕ್ಟೋರಿಯಾ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ. ಅದು ಇರುವುದು ವ್ಯಾಂಕೂವರ್ ದ್ವೀಪದ ದಕ್ಷಿಣದ ತುದಿಯಲ್ಲಿ. ಮುಖ್ಯಭೂಮಿಗೆ ಸೇತುವೆ ಇಲ್ಲ. ದ್ವೀಪದ ಸ್ವಾರ್ಟ್ಜ್ ಬೇಯಿಂದ ವ್ಯಾಂಕೂವರ್ ನಗರದ ಕಡೆಯ ದಡದಲ್ಲಿರುವ ತ್ಸವಾಸನ್‌ಗೆ ಫೆರಿಯಲ್ಲಿ 1 ಗಂಟೆ 35 ನಿಮಿಷ. ವ್ಯಾಂಕೂವರ್‌ನ ಬಾರಿನಲ್ಲಿ ಕಾರ್ಯಕ್ರಮ ಮುಗಿಸಿ ಕೇಬಲ್ ಸುತ್ತುವಷ್ಟರಲ್ಲಿ ಆ ದಿನದ ಕೊನೆಯ ಫೆರಿ ಹೊರಟುಹೋಗಿರುತ್ತದೆ. ಅಂದರೆ ಪಕ್ಕದ ಊರಿನ ಕಾರ್ಯಕ್ರಮಕ್ಕೂ ಒಂದು ರಾತ್ರಿಯ ತಂಗುವಿಕೆ ಮತ್ತು ವಾಹನಕ್ಕೆ ಎರಡು ಸಲದ ಫೆರಿ ಟಿಕೆಟ್ ಖರ್ಚಿನ ಪಟ್ಟಿಗೆ ಸೇರಿಬಿಡುತ್ತವೆ.

1979ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯಕ್ಕೆ ವ್ಯಾಂಕೂವರ್‌ನ ಡಿ.ಒ.ಎ. ಎಂಬ ಪಂಕ್ ಬ್ಯಾಂಡ್ ಬಂದು ನುಡಿಸಿದ್ದು ಈ ಸಹೋದರರಿಗೆ ಕಿಡಿ ಹತ್ತಿಸಿತು. ಅಣ್ಣ ತಮ್ಮನಿಗಿಂತ ಸುಮಾರು ಎಂಟು ವರ್ಷ ದೊಡ್ಡವನು. ತಮ್ಮನಿಗೆ ಶಾಲೆಯ ಜಾಝ್ ತಂಡದಲ್ಲಿ ಡ್ರಮ್ಸ್ ನುಡಿಸಿದ ಅಭ್ಯಾಸವಿತ್ತು. ಹೆತ್ತವರ ಮನೆಯ ನೆಲಮಾಳಿಗೆಯಲ್ಲಿ ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕಿನ (ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವ) ಟೇಪ್ ಯಂತ್ರ ಇಟ್ಟುಕೊಂಡು ಇಬ್ಬರೇ ಧ್ವನಿಮುದ್ರಿಸತೊಡಗಿದರು.

ನಾಲ್ಕು ಟ್ರ್ಯಾಕಿನ ಯಂತ್ರ ಸಂಗೀತದ ರೂಪವನ್ನೇ ತೀರ್ಮಾನಿಸುತ್ತದೆ. ಡ್ರಮ್ಸ್‌ಗೆ ಒಂದೋ ಎರಡೋ ಟ್ರ್ಯಾಕ್ ಹೋಯಿತು, ಬೇಸ್‌ಗೆ ಒಂದು, ದನಿಗೆ ಒಂದು. ಇನ್ನೇನಾದರೂ ಸೇರಿಸಬೇಕೆಂದರೆ ಮುದ್ರಿಸಿದ್ದನ್ನೆಲ್ಲ ಒಂದೇ ಟ್ರ್ಯಾಕಿಗೆ ಇಳಿಸಿ ಉಳಿದವನ್ನು ಖಾಲಿ ಮಾಡಿಕೊಳ್ಳಬೇಕು. ಪ್ರತಿ ಸಲ ಇಳಿಸಿದಾಗಲೂ ಟೇಪಿನ ಸುಯ್ಯನೆಯ ಸದ್ದು ಏರುತ್ತದೆ, ಸಿಂಬಲ್‌ಗಳ ಹೊಳಪು ಇಳಿಯುತ್ತದೆ. ಹಾಗಾಗಿ ಕಡಿಮೆ ವಾದ್ಯ ಇಟ್ಟುಕೊಂಡು ಅವುಗಳಿಂದಲೇ ಪೂರ್ತಿ ಹಾಡು ಕಟ್ಟುವ ರೂಢಿ ಬೀಳುತ್ತದೆ. 1982ರಲ್ಲಿ ಹೊರಬಂದ ಮೊದಲ ಆಲ್ಬಮ್ ಇಬ್ಬರದೇ. ರಾಕ್ ಸಂಗೀತದಲ್ಲಿ ಪಕ್ಕವಾದ್ಯ ಎನಿಸಿಕೊಂಡಿದ್ದ ಬೇಸ್ ಇಲ್ಲಿ ರಾಗವನ್ನೂ ಹೊತ್ತಿತು, ತಾಳವನ್ನೂ ಹಿಡಿಯಿತು. ಮುಂದಿನ ಮೂರೂವರೆ ದಶಕದಲ್ಲಿ ಏನೇ ತೊಂದರೆ ಬಂದರೂ ಈ ಬ್ಯಾಂಡು ಮರಳಿದ್ದು ಇದೇ ಜೋಡಿಗೆ.

ಸಮಸ್ಯೆ: ದೇಶ ದೊಡ್ಡದು, ಊರುಗಳು ದೂರ

ಕೆನಡಾದಲ್ಲಿ ಬ್ಯಾಂಡು ನಡೆಸುವುದು ಮೊದಲಿಗೆ ಡೀಸೆಲ್, ಪೆಟ್ರೋಲ್ ಲೆಕ್ಕ. ವ್ಯಾಂಕೂವರ್‌ನಿಂದ ಟೊರೊಂಟೊಗೆ ರಸ್ತೆಯಲ್ಲಿ ಸುಮಾರು 4,400 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸ್ ಬಂದಷ್ಟು, ಅದೂ ಒಂದು ಬದಿಗೆ ಮಾತ್ರ. ಆಂಪ್ಲಿಫೈಯರ್, ಡ್ರಮ್ಸ್, ನಾಲ್ಕೈದು ಜನ, ಟೀ ಶರ್ಟಿನ ಪೆಟ್ಟಿಗೆಗಳನ್ನು ತುಂಬಿದ ವ್ಯಾನ್ 100 ಕಿ.ಮೀ.ಗೆ 15 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಒಂದು ಬದಿಗೇ 660 ಲೀಟರ್. ನಡುವೆ ಎಷ್ಟು ಊರು ಸಿಗುತ್ತವೆ? ವ್ಯಾಂಕೂವರ್ ಬಿಟ್ಟರೆ ಕ್ಯಾಲ್ಗರಿ 970 ಕಿ.ಮೀ. ಅಲ್ಲಿಂದ ರೆಜೈನಾ 760, ಅಲ್ಲಿಂದ ವಿನಿಪೆಗ್ 575. ವಿನಿಪೆಗ್ ದಾಟಿದ ಮೇಲೆ ಸುಪೀರಿಯರ್ ಸರೋವರದ ಉತ್ತರ ದಂಡೆ ಸುತ್ತಿ ಟೊರೊಂಟೊ ಸೇರಲು 2,000 ಕಿ.ಮೀ.ಗೂ ಹೆಚ್ಚು. ಆ ದಾರಿಯಲ್ಲಿ ಥಂಡರ್ ಬೇ, ಸಡ್ಬರಿಯಂಥ ಒಂದೆರಡು ಊರು ಬಿಟ್ಟರೆ ಕಾಡು, ಬಂಡೆ, ನೀರು. ಚಳಿಗಾಲದಲ್ಲಿ ಹಿಮಪಾತವಾಗಿ ಹೆದ್ದಾರಿ ಮುಚ್ಚಿದರೆ ಒಂದು ಕಾರ್ಯಕ್ರಮ ತಪ್ಪುತ್ತದೆ, ಅದರ ಹಿಂದೆ ಇನ್ನೆರಡು.

ಎರಡನೆಯ ಅಡಚಣೆ ರೇಡಿಯೊ. 1971ರಿಂದ ಕೆನಡಾದ ರೇಡಿಯೊ ಕೇಂದ್ರಗಳು ಪ್ರಸಾರ ಮಾಡುವ ಹಾಡುಗಳಲ್ಲಿ ಶೇ. 30ರಷ್ಟು ಕೆನಡಾದ್ದೇ ಇರಬೇಕೆಂಬ ನಿಯಮವಿತ್ತು. ಸಂಗೀತ, ಕಲಾವಿದ, ಪ್ರದರ್ಶನ, ಸಾಹಿತ್ಯ ಈ ನಾಲ್ಕರಲ್ಲಿ ಎರಡಾದರೂ ಕೆನಡಾದ್ದಾಗಿದ್ದರೆ ಹಾಡು ಆ ಲೆಕ್ಕಕ್ಕೆ ಬರುತ್ತಿತ್ತು. ಈ ಬ್ಯಾಂಡಿನ ಹಾಡು ನಾಲ್ಕರಲ್ಲೂ ಪಾಸು. ಆದರೆ ವಾಣಿಜ್ಯ ಕೇಂದ್ರಗಳು ಕೋಟಾ ತುಂಬಿಸಲು ಪಂಕ್ ಹುಡುಕಿಕೊಂಡು ಬರುತ್ತಿರಲಿಲ್ಲ. ಅವರಿಗೆ ಬೇಕಾದಷ್ಟು ಸೌಮ್ಯ ರಾಕ್ ಆಗಲೇ ಸಿಕ್ಕಿತ್ತು. ಪಂಕ್‌ಗೆ ಸಿಕ್ಕಿದ್ದು ವಿಶ್ವವಿದ್ಯಾಲಯಗಳ ರೇಡಿಯೊ ಕೇಂದ್ರಗಳು ಮಾತ್ರ.

ಮೂರನೆಯದು ವಯಸ್ಸಿನ ಮಿತಿ. ಬಾರಿಗೆ ಪ್ರವೇಶ ಬ್ರಿಟಿಷ್ ಕೊಲಂಬಿಯಾ, ಒಂಟಾರಿಯೊಗಳಲ್ಲಿ 19 ತುಂಬಿದವರಿಗೆ, ಆಲ್ಬರ್ಟಾ, ಮ್ಯಾನಿಟೋಬಾ, ಕ್ವಿಬೆಕ್‌ಗಳಲ್ಲಿ 18. ಪಂಕ್ ಕೇಳುವವರಲ್ಲಿ 16-17ರವರೇ ಹೆಚ್ಚು. ಅವರಿಗಾಗಿ ಸಮುದಾಯ ಭವನ ಬಾಡಿಗೆಗೆ ಹಿಡಿದರೆ ಮದ್ಯದ ಮಾರಾಟ ಇರುವುದಿಲ್ಲ, ಹಾಗಾಗಿ ಕೈಯಿಂದ ಹಣ ಹಾಕುವ ಆಯೋಜಕನೂ ಸಿಗುವುದಿಲ್ಲ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಬಾಗಿಲಲ್ಲಿ ನಿಲ್ಲುವವನ ಸಂಬಳ ಕಳೆದು ಉಳಿದದ್ದು ಬ್ಯಾಂಡಿಗೆ. ಎಷ್ಟೋ ಸಲ ಉಳಿಯುವುದೇ ಇಲ್ಲ.

ದಕ್ಷಿಣಕ್ಕೆ ಹೋಗುವುದು ಪೂರ್ವಕ್ಕೆ ಹೋಗುವುದಕ್ಕಿಂತ ಸುಲಭ ಎಂದು ಪಶ್ಚಿಮ ತೀರದ ಬ್ಯಾಂಡುಗಳು ಬೇಗ ಕಲಿತವು. ವ್ಯಾಂಕೂವರ್‌ನಿಂದ ಸಿಯಾಟಲ್ 230 ಕಿ.ಮೀ., ಪೋರ್ಟ್‌ಲ್ಯಾಂಡ್ 510, ಸ್ಯಾನ್ ಫ್ರಾನ್ಸಿಸ್ಕೊ 1,530, ದಾರಿಯ ಬಹುಪಾಲು ಒಂದೇ ಹೆದ್ದಾರಿ. ಆದರೆ ನಡುವೆ ಗಡಿ ಇದೆ. ಕೆಲಸದ ಪರವಾನಗಿ ಇಲ್ಲದೆ ವ್ಯಾನಿನಲ್ಲಿ ವಾದ್ಯ, ಟೀ ಶರ್ಟು ತುಂಬಿಕೊಂಡು ‘ಸ್ನೇಹಿತರ ಮನೆಗೆ ಹೊರಟಿದ್ದೇವೆ’ ಎಂದರೆ ನಂಬುವ ಅಧಿಕಾರಿ ಸಿಗುವುದಿಲ್ಲ. 1990ರ ವಲಸೆ ಕಾಯ್ದೆಯ ನಂತರ ಪಿ-2 ವೀಸಾ ಬಂತು. ಕೆನಡಾದ ಸಂಗೀತಗಾರರು ಅದನ್ನು ಸಂಗೀತಗಾರರ ಒಕ್ಕೂಟದ ಮೂಲಕ ಪಡೆಯಬೇಕು. ಅರ್ಜಿಗೆ ಒಪ್ಪಂದಪತ್ರ, ತಾರೀಖು, ಸ್ಥಳಗಳ ಪಟ್ಟಿ ಲಗತ್ತಿಸಬೇಕು. ಅಂದರೆ ತಿಂಗಳುಗಟ್ಟಲೆ ಮೊದಲೇ ಕಾರ್ಯಕ್ರಮಗಳು ನಿಶ್ಚಯವಾಗಿರಬೇಕು. ‘ದಾರಿಯಲ್ಲಿ ಎಲ್ಲಾದರೂ ಸಿಕ್ಕೀತು’ ಎಂಬ ಪಂಕ್ ಪದ್ಧತಿಗೆ ಇದು ಒಗ್ಗುವುದಿಲ್ಲ.

ಮೂರನೆಯವನು ಬಂದದ್ದು, ಅಣ್ಣನ ಗಂಟಲು ಕೈಕೊಟ್ಟದ್ದು

ಇಬ್ಬರ ಸಂಗೀತ ಟೇಪಿನಲ್ಲಿ ಪೂರ್ತಿ ಕೇಳುತ್ತದೆ, ವೇದಿಕೆಯಲ್ಲಿ ಅಷ್ಟು ಸಲೀಸಲ್ಲ. ಬೇಸ್‌ಗೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆದು ಒರಟಾಗಿಸುವುದು) ಹಾಕಿದರೆ ನಡುವಿನ ಸ್ವರಗಳು ತುಂಬಿಕೊಳ್ಳುತ್ತವೆ, ಆದರೆ ತಳದ ಗುಂಗು ಕರಗುತ್ತದೆ. ಸಿಗ್ನಲನ್ನು ಎರಡಾಗಿ ಒಡೆದು ಒಂದನ್ನು ಶುದ್ಧವಾಗಿ, ಇನ್ನೊಂದನ್ನು ಡಿಸ್ಟಾರ್ಷನ್ ಮೂಲಕ ಬಿಡುವುದು ಇದಕ್ಕೆ ಸಾಮಾನ್ಯ ಪರಿಹಾರ. ಅದಕ್ಕೆ ಎರಡು ಆಂಪ್ ಬೇಕು, ಅವೆರಡನ್ನೂ ಅರ್ಥ ಮಾಡಿಕೊಳ್ಳುವ ಸೌಂಡ್ ಎಂಜಿನಿಯರ್ ಬೇಕು. ಬಾರುಗಳಲ್ಲಿ ಎರಡನೆಯದು ಅಪರೂಪ. 1983ರಲ್ಲಿ ಬ್ಯಾಂಡು ಇನ್ನೊಂದು ದಾರಿ ಹಿಡಿಯಿತು, ಗಿಟಾರಿಸ್ಟ್‌ನನ್ನು ಸೇರಿಸಿಕೊಂಡಿತು.

ಇಲ್ಲಿ ಮಾಡಿದ ಒಂದು ತೀರ್ಮಾನ ಮುಂದೆ ಬಹಳ ಉಪಯೋಗಕ್ಕೆ ಬಂತು. ಗಿಟಾರ್ ಬಂದರೂ ಬೇಸ್ ತನ್ನ ಜಾಗ ಬಿಟ್ಟುಕೊಡಲಿಲ್ಲ. ಹಾಡಿನ ಅಸ್ತಿಭಾರ ಬೇಸ್ ಮತ್ತು ಡ್ರಮ್ಸ್‌ನಲ್ಲೇ ಉಳಿಯಿತು, ಗಿಟಾರ್ ಅದರ ಮೇಲೆ ಸದ್ದು, ಚೂಪು, ಗೀರು ಹಾಕುವ ವಾದ್ಯವಾಯಿತು. ಮೊದಲ ಗಿಟಾರಿಸ್ಟ್‌ನ ನಿಜವಾದ ಹೆಸರು ಆಲ್ಬಮ್ ಹೊದಿಕೆಗಳಲ್ಲಿ ಸಾಮಾನ್ಯವಾಗಿ ಕಾಣಿಸುತ್ತಲೇ ಇರಲಿಲ್ಲ. ಮುಖಕ್ಕೆ, ಹೆಸರಿಗೆ ಪ್ರಾಮುಖ್ಯ ಕೊಡದ ಈ ನೀತಿಯಿಂದ ಪತ್ರಿಕೆಗಳಲ್ಲಿ ಜಾಗ ಸಿಗುವುದು ಕಷ್ಟವಾಯಿತೇನೋ ಸರಿ. ಆದರೆ ಸದಸ್ಯ ಬದಲಾದಾಗ ‘ಅವನಿಲ್ಲದೆ ಇದೆಂಥ ಬ್ಯಾಂಡು’ ಎಂಬ ಮಾತಿಗೂ ಅಷ್ಟು ಆಸ್ಪದ ಉಳಿಯಲಿಲ್ಲ.

1986ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸ್ವತಂತ್ರ ಲೇಬಲ್ (ರೆಕಾರ್ಡ್ ಕಂಪನಿ) ಇವರ ಆಲ್ಬಮ್‌ಗಳನ್ನು ಹೊರತರಲು ಮುಂದೆ ಬಂತು. ಆ ದಶಕದ ಕೊನೆಯ ಭಾಗದಲ್ಲಿ ಅಣ್ಣನ ಗಂಟಲಲ್ಲಿ ಗಂಟುಗಳಾದವು. ಹೆಚ್ಚು ಹಾಡಬಾರದೆಂದು ವೈದ್ಯರು ಹೇಳಿದರು.

ಇದು ಪಂಕ್ ಗಾಯಕರಿಗೆ ಅಂಟಿಕೊಂಡೇ ಬರುವ ಕಾಯಿಲೆ. ಧ್ವನಿತಂತುಗಳು ಪದೇ ಪದೇ ಜೋರಾಗಿ ಬಡಿದುಕೊಂಡಾಗ, ಅವು ಹೆಚ್ಚು ಅದುರುವ ಜಾಗದಲ್ಲಿ, ಅಂದರೆ ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಎರಡೂ ಕಡೆ ಎದುರುಬದುರಾಗಿ ಕೈಯಲ್ಲಿ ಏಳುವ ಜಡ್ಡಿನಂಥದ್ದು ಬೆಳೆಯುತ್ತದೆ. ತಂತುಗಳು ಪೂರ್ತಿ ಕೂಡುವುದಿಲ್ಲ, ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ. ಒಡೆದ ದನಿಯನ್ನು ಮುಚ್ಚಲು ಗಾಯಕ ಇನ್ನಷ್ಟು ಒತ್ತುತ್ತಾನೆ, ಜಡ್ಡು ಇನ್ನಷ್ಟು ಗಟ್ಟಿಯಾಗುತ್ತದೆ. ವೇದಿಕೆಯ ಮಾನಿಟರ್ ಸ್ಪೀಕರ್‌ನಲ್ಲಿ ತನ್ನ ದನಿ ತನಗೇ ಕೇಳದಿರುವುದು ಇದಕ್ಕೆ ದೊಡ್ಡ ಕಾರಣ. ಡ್ರಮ್ಸ್‌ನ ಪಕ್ಕ ನಿಂತವನು ತನ್ನನ್ನು ಕೇಳಿಸಿಕೊಳ್ಳಲೆಂದೇ ಕಿರುಚುತ್ತಾನೆ. ಮೊದಲ ಮದ್ದು ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆ, ಅದಕ್ಕೆ ಬಗ್ಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಪಿಸುಮಾತೂ ತಂತುಗಳಿಗೆ ಶ್ರಮವೇ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ.

ಬ್ಯಾಂಡಿಗೆ ಆಗ ಎರಡು ದಾರಿ ಇದ್ದವು. ಕೆಲಸ ನಿಲ್ಲಿಸುವುದು, ಇಲ್ಲವೇ ಹಾಡುವವನನ್ನು ಬದಲಿಸುವುದು. ಗಿಟಾರಿಸ್ಟ್ ಮುಖ್ಯ ಗಾಯಕನಾದ. 1988ರಲ್ಲಿ ಒಂದು ಇಪಿ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್), ಒಂದು ಆಲ್ಬಮ್ ಬಂದವು, ಎರಡರಲ್ಲೂ ಹೆಚ್ಚಾಗಿ ಕೇಳುವುದು ಅವನ ದನಿ. (ಸಿಡಿ ಯುಗದಲ್ಲಿ ಎರಡನ್ನೂ ಒಂದೇ ಡಿಸ್ಕಿಗೆ ತುಂಬಿದರು. ಎಲ್‌ಪಿಯ ಒಂದು ಬದಿಗೆ 20-22 ನಿಮಿಷಕ್ಕಿಂತ ಹೆಚ್ಚು ತುರುಕಿದರೆ ಸದ್ದು ಕುಗ್ಗುತ್ತದೆ, ಸಿಡಿಗೆ 74 ನಿಮಿಷದವರೆಗೂ ಆ ಚಿಂತೆ ಇಲ್ಲ.) ಬರೆಯುವವರು, ಹಾಡುವವರು ಬೇರೆ ಬೇರೆ ಆಗಬಹುದೆಂದು ಈ ಅವಧಿ ತೋರಿಸಿಕೊಟ್ಟಿತು. ಅಣ್ಣನ ದನಿ ಮರಳಿ ಬಂದ ಮೇಲೆ, 1989ರಲ್ಲಿ, ಅವರ ಅತ್ಯಂತ ಹೆಸರಾದ ಆಲ್ಬಮ್ ಹೊರಬಂತು. ಒಬ್ಬನೇ ಗಾಯಕನ ಮೇಲೆ ನಿಂತ ಬ್ಯಾಂಡಾಗಿದ್ದರೆ 1987ರಲ್ಲೇ ಮುಗಿಯುತ್ತಿತ್ತು ಎಂಬುದು ನಮ್ಮ ಅಂದಾಜು.

ಯುರೋಪಿಗೆ ತಿರುಗಿದ್ದು

ನಮ್ಮ ಯಕ್ಷಗಾನ ಮೇಳಗಳ ‘ತಿರುಗಾಟ’ ಎಂಬ ಪದ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮೇಳಕ್ಕೆ ಇಂದಿನ ಆಟದಿಂದ ನಾಳಿನ ಆಟಕ್ಕೆ ಇರುವ ದೂರವೇ ಜೀವಾಳ. ಈ ಬ್ಯಾಂಡು 1980ರ ದಶಕದ ಕೊನೆಯಲ್ಲಿ ಯುರೋಪಿಗೆ ಹೋದಾಗ ಅದಕ್ಕೆ ಸಿಕ್ಕಿದ್ದು ಆ ದೂರದ ಪರಿಹಾರ. ಆಮ್‌ಸ್ಟರ್‌ಡ್ಯಾಮ್‌ನಿಂದ ಗ್ರೋನಿಂಗೆನ್ 180 ಕಿ.ಮೀ., ಅಲ್ಲಿಂದ ಹ್ಯಾಂಬರ್ಗ್ ಸುಮಾರು 300, ಅಲ್ಲಿಂದ ಬರ್ಲಿನ್ 290. ಕ್ಯಾಲ್ಗರಿಯಿಂದ ರೆಜೈನಾಗೆ ಹೋಗುವಷ್ಟು ದೂರದಲ್ಲಿ ಇಲ್ಲಿ ನಾಲ್ಕು ಊರುಗಳ ಕಾರ್ಯಕ್ರಮ ಮುಗಿಯುತ್ತದೆ.

ದೂರಕ್ಕಿಂತ ಮುಖ್ಯವಾದದ್ದು ಜಾಗಗಳು. ಗ್ರೋನಿಂಗೆನ್‌ನ ವೇರಾ, ಜ್ಯೂರಿಕ್‌ನ ರೋಟೆ ಫಾಬ್ರಿಕ್, 1976ರಲ್ಲಿ ಜನ ಹೊಕ್ಕು ಕುಳಿತ ಹೋರಾಟದಿಂದ ಹುಟ್ಟಿದ ವಿಯೆನ್ನಾದ ಅರೇನಾ, ಇಂಥ ಕೇಂದ್ರಗಳ ಜಾಲವೇ ಆ ಖಂಡದಲ್ಲಿದೆ. ಎಷ್ಟೋ ಕಡೆ ನಗರಸಭೆಯ ಅನುದಾನ, ಸ್ವಯಂಸೇವಕರ ದುಡಿಮೆ. ಪದ್ಧತಿಯೆಂದರೆ ಬ್ಯಾಂಡಿಗೆ ಬಿಸಿ ಊಟ, ಮಲಗಲು ಜಾಗ, ಮೊದಲೇ ಮಾತಾಡಿದ ಖಚಿತ ಮೊತ್ತ. ಉತ್ತರ ಅಮೆರಿಕದ ಬಾರಿನಲ್ಲಿ ಬಾಗಿಲ ವಸೂಲಿಯ ಪಾಲು, ಎರಡು ಬಿಯರ್ ಚೀಟಿ. ಊಟ, ವಸತಿ ಎಂಬ ಎರಡು ಬಾಬ್ತು ಖರ್ಚಿನ ಪಟ್ಟಿಯಿಂದ ಎದ್ದುಹೋದರೆ ಆರು ವಾರದ ತಿರುಗಾಟದ ಲೆಕ್ಕವೇ ತಿರುವುಮುರುವಾಗುತ್ತದೆ.

ಹಾಗೆಂದು ಯುರೋಪು ಪುಕ್ಕಟೆಯಲ್ಲ. ಎಡವುವ ಜಾಗಗಳು ಇವು. ಕೆನಡಾದ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್, ಯುರೋಪಿನದು 230 ವೋಲ್ಟ್, 50 ಹರ್ಟ್ಜ್. ಮನೆಯಿಂದ ತಂದ ಆಂಪನ್ನು ನೇರ ಚುಚ್ಚಿದರೆ ಹೊಗೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅದು ಹರ್ಟ್ಜ್ ಬದಲಿಸುವುದಿಲ್ಲ, ಹಾಗಾಗಿ 60ಕ್ಕೆಂದು ಮಾಡಿದ ಆಂಪಿನ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ರೂಢಿಯ ಉಪಾಯ ಬೇರೆ: ಗಿಟಾರ್, ಬೇಸ್, ಪೆಡಲ್, ಸಿಂಬಲ್, ಸ್ನೇರ್ ಡ್ರಮ್ ಇಷ್ಟನ್ನು ಮಾತ್ರ ವಿಮಾನದಲ್ಲಿ ತಂದು, ಆಂಪ್ ಮತ್ತು ಡ್ರಮ್ಸ್ ಸೆಟ್ಟನ್ನು ಅಲ್ಲಿಯೇ ವ್ಯಾನ್ ಜೊತೆ ಬಾಡಿಗೆಗೆ ಹಿಡಿಯುವುದು. ತಂದ ಪ್ರತಿ ವಸ್ತುವಿನ ಕ್ರಮಸಂಖ್ಯೆ, ಬೆಲೆ ಬರೆದ ಎಟಿಎ ಕಾರ್ನೆ ಎಂಬ ಸುಂಕದ ಪುಸ್ತಕ ಜೊತೆಗಿರಬೇಕು. ಅದಕ್ಕೆ ಹೋಗುವಾಗ, ಬರುವಾಗ ಎರಡೂ ಕಡೆ ಮೊಹರು ಬೀಳಬೇಕು. ಒಂದು ಮೊಹರು ತಪ್ಪಿದರೆ ಆ ವಾದ್ಯವನ್ನು ಅಲ್ಲೇ ಮಾರಿದ್ದೀರಿ ಎಂದು ಸುಂಕದ ನೋಟಿಸ್ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಟೀ ಶರ್ಟು, ರೆಕಾರ್ಡುಗಳಿಗೆ ಕಾರ್ನೆ ನಡೆಯುವುದಿಲ್ಲ, ಅವು ಮಾರಾಟದ ಸರಕು. ಅವನ್ನು ಅಲ್ಲೇ ಅಚ್ಚು ಹಾಕಿಸುವುದು ಅಗ್ಗ.

ರೆಕಾರ್ಡ್ ಅಂಗಡಿಗೆ ವಿತರಕನ ಮೂಲಕ ಹೋದ ಪ್ರತಿಯ ದುಡ್ಡು ಕೈ ಸೇರಲು ಎರಡು ಮೂರು ತಿಂಗಳು. ಕಾರ್ಯಕ್ರಮದ ಮೇಜಿನ ಮೇಲೆ ಮಾರಿದ್ದರ ದುಡ್ಡು ಅದೇ ರಾತ್ರಿ ಪೆಟ್ರೋಲ್ ಆಗುತ್ತದೆ. ಹಾಗಾಗಿ ಗಾತ್ರವಾರು ಎಣಿಕೆ ಪ್ರತಿ ರಾತ್ರಿ ಆಗಲೇಬೇಕು. ಮೂರನೇ ವಾರಕ್ಕೆ ‘ಎಲ್’ ಗಾತ್ರ ಖಾಲಿಯಾಗಿ ‘ಎಸ್’ ಮಾತ್ರ ಪೆಟ್ಟಿಗೆಯಲ್ಲಿ ಉಳಿದರೆ ಉಳಿದ ಮೂರು ವಾರದ ವ್ಯಾಪಾರ ಹೋಯಿತೆಂದೇ ಲೆಕ್ಕ.

1992: ಗಿಟಾರಿಸ್ಟ್ ಹೊರಟ

1991 ಬಹಳ ತುಂಬಿದ ವರ್ಷ. ಒಂದು ಸ್ಟುಡಿಯೊ ಆಲ್ಬಮ್, ಒಂದು ಲೈವ್ ಆಲ್ಬಮ್, ಲೇಬಲ್ ನಡೆಸುತ್ತಿದ್ದ ಗಾಯಕನ ಜೊತೆ ಇನ್ನೊಂದು ಆಲ್ಬಮ್, ಎಲ್ಲ ಒಂದೇ ವರ್ಷದಲ್ಲಿ. ಮರುವರ್ಷ ಮೊದಲ ಗಿಟಾರಿಸ್ಟ್ ಬ್ಯಾಂಡು ಬಿಟ್ಟು ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ.

ಒಂಬತ್ತು ವರ್ಷ ಜೊತೆಗಿದ್ದವನು ಹೋದಾಗ ಬ್ಯಾಂಡುಗಳು ಸಾಮಾನ್ಯವಾಗಿ ಮಾಡುವ ತಪ್ಪು ಗಡಿಬಿಡಿಯಲ್ಲಿ ಬದಲಿ ಹುಡುಕುವುದು. ಹೊಸಬನಿಗೆ ಹಳಬನ ಹಾಡುಗಳನ್ನು ಗಿಳಿಪಾಠ ಮಾಡಿಸಿ ವೇದಿಕೆಗೆ ತಳ್ಳುತ್ತಾರೆ, ಎರಡು ವರ್ಷದಲ್ಲಿ ಅವನೂ ಹೋಗುತ್ತಾನೆ. ಇವರು ಹಾಗೆ ಮಾಡಲಿಲ್ಲ. 1993ರ ಆಲ್ಬಮನ್ನು ಅಣ್ಣ ತಮ್ಮ ಇಬ್ಬರೇ ಮುಗಿಸಿದರು. ಹತ್ತು ವರ್ಷಕ್ಕೂ ಹಿಂದೆ ನೆಲಮಾಳಿಗೆಯಲ್ಲಿ ಕಲಿತಿದ್ದು ಇಲ್ಲಿ ಕೈ ಹಿಡಿಯಿತು. ಆಲ್ಬಮ್ ಆಗಿಹೋದ್ದರಿಂದ ಎರಡನೆಯ ಗಿಟಾರಿಸ್ಟ್ ಬಂದದ್ದು ತುರ್ತಿಗಲ್ಲ, ನಡೆಯುತ್ತಿದ್ದ ಕೆಲಸಕ್ಕೆ.

ಅದೇ ಕಾಲದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಕೆಲವು ವರ್ಷ ವೇದಿಕೆಯ ಮೇಲೆ ಎರಡನೆಯ ಡ್ರಮ್ಮರ್ ಕೂತ. ಕೇಳಲು ಭರ್ಜರಿ, ನಿಭಾಯಿಸಲು ತ್ರಾಸ. ಇಬ್ಬರೂ ಒಂದೇ ಏಟನ್ನು ಹೊಡೆಯಲು ಹೋದರೆ ಕೂದಲೆಳೆಯ ಅಂತರದಲ್ಲಿ ಎರಡು ಏಟು ಕೇಳಿ ಸದ್ದು ಮಸುಕಾಗುತ್ತದೆ. ಅದಕ್ಕೇ ಕೆಲಸ ಹಂಚಿಕೊಳ್ಳಬೇಕು: ಒಬ್ಬ ನಡೆ ಹಿಡಿದರೆ ಇನ್ನೊಬ್ಬ ಟಾಮ್, ಸಿಂಬಲ್. ಮೈಕುಗಳ ಸಂಖ್ಯೆ ಇಮ್ಮಡಿ, ಸಣ್ಣ ಜಾಗದ ಮಿಕ್ಸರ್‌ನಲ್ಲಿ ಚಾನೆಲ್ ಸಾಲದು. ಪ್ರತಿ ಸೆಟ್ಟಿಗೂ ಎರಡು ಮೀಟರ್ ಚೌಕದ ಜಾಗ ಬೇಕು. ವ್ಯಾನಿನಲ್ಲಿ ಇನ್ನೊಂದು ಸೀಟು, ಊಟದ ಇನ್ನೊಂದು ತಟ್ಟೆ. ಈ ಏರ್ಪಾಡು 1990ರ ದಶಕ ದಾಟಲಿಲ್ಲ. ಮತ್ತೆ ಮೂವರಾದರು, ಬ್ಯಾಂಡು ಕುಗ್ಗಿತೆಂದು ಯಾರಿಗೂ ಅನಿಸಲಿಲ್ಲ.

ತಮಾಷೆಯ ಬ್ಯಾಂಡು

1980ರ ದಶಕದಿಂದಲೇ ಇವರು ಪಕ್ಕದಲ್ಲಿ ಇನ್ನೊಂದು ಬ್ಯಾಂಡು ನಡೆಸುತ್ತಿದ್ದರು. ವಿಷಯ ಐಸ್ ಹಾಕಿ, ಶೈಲಿ ನ್ಯೂಯಾರ್ಕಿನ ರಮೋನ್ಸ್ ಎಂಬ ಪಂಕ್ ಬ್ಯಾಂಡಿನ ರೀತಿಯ ಮೂರು ಸ್ವರಮೇಳದ, ಎರಡು ನಿಮಿಷದ ಹಾಡು. ಮುಖ್ಯ ಬ್ಯಾಂಡಿನಲ್ಲಿ ವಕ್ರತಾಳದ ಆರೇಳು ನಿಮಿಷದ ಹಾಡುಗಳು, ಇಲ್ಲಿ ಬಿಯರು, ಪಕ್, ಪೆನಾಲ್ಟಿ. ಡ್ರಮ್ಮರ್ ತಮ್ಮ ಇಲ್ಲಿ ಗಾಯಕ, ಆ ಎರಡನೆಯ ಡ್ರಮ್ಮರ್ ಇಲ್ಲಿ ಮುಖ್ಯ ಡ್ರಮ್ಮರ್.

ಇದನ್ನು ಬರೀ ತಮಾಷೆ ಎಂದು ತಳ್ಳಿಹಾಕುವವರು ಲೆಕ್ಕಪತ್ರ ನೋಡಿದವರಲ್ಲ. ಅದೇ ಜನ, ಅದೇ ವ್ಯಾನ್, ಅದೇ ಆಯೋಜಕ, ಹೊಸ ಹಾಡುಗಳು. ಒಂದು ಬ್ಯಾಂಡಿಗೆ ಒಂದೇ ಊರಿಗೆ ವರ್ಷಕ್ಕೆ ಎರಡು ಸಲ ಹೋಗುವುದು ಕಷ್ಟ, ಎರಡನೆಯ ಸಲ ಅರ್ಧ ಜನ ಬರುತ್ತಾರೆ. ಹೆಸರು ಬೇರೆಯಾದರೆ ಹೋಗಬಹುದು. ಎರಡನೆಯ ಗಿಟಾರಿಸ್ಟ್ ಮುಖ್ಯ ಬ್ಯಾಂಡಿಗೆ ಬರುವ ಮೊದಲೇ ಸಹೋದರರ ಜೊತೆ ಈ ಬ್ಯಾಂಡಿನಲ್ಲಿ ನುಡಿಸಿದ್ದ. ಬದಲಿ ಹುಡುಕುವ ಕೆಲಸ ಅವರಿಗೇ ಗೊತ್ತಿಲ್ಲದೆ ಆಗಿಹೋಗಿತ್ತು.

ಲೇಬಲ್ ಬಿಟ್ಟ ಮೇಲೆ

ಇವರಿಗೆ ಸ್ವಂತ ಲೇಬಲ್ ಒಂದಿತ್ತು. 2000ದ ಆಲ್ಬಮ್ ಸ್ಯಾನ್ ಫ್ರಾನ್ಸಿಸ್ಕೊದ ಲೇಬಲ್ಲಿನಿಂದಲೇ ಬಂತು, ಆಮೇಲೆ ಹಳೆಯ ಆಲ್ಬಮ್‌ಗಳನ್ನು ಸ್ವಂತ ಲೇಬಲ್ಲಿನ ಹೆಸರಿನಲ್ಲಿ ಮತ್ತೆ ಹೊರತಂದರು. ದೊಡ್ಡ ಕಂಪನಿಗಳ ಜೊತೆ ಅವರು ಯಾವತ್ತೂ ಸಹಿ ಹಾಕಲಿಲ್ಲ. 1994ರ ನಂತರ ಪಂಕ್ ಬ್ಯಾಂಡುಗಳ ಹಿಂದೆ ಕಂಪನಿಗಳು ಬಿದ್ದಿದ್ದ ಕಾಲದಲ್ಲಿಯೂ ಇಲ್ಲ. ಅದರ ಲಾಭ ಕಾಣುವುದು ಇಲ್ಲಿ: ಮುಂಗಡದ ಸಾಲ ಇಲ್ಲದವನಿಗೆ ತನ್ನ ಹಳೆಯ ಧ್ವನಿಮುದ್ರಣವನ್ನು ಎತ್ತಿಕೊಂಡು ಹೊರಡುವುದು ಸುಲಭ. ಕಂಪನಿಯಿಂದ ಮುಂಗಡ ಪಡೆದ ಬ್ಯಾಂಡಿನ ಮೂಲ ಟೇಪು ಸಾಮಾನ್ಯವಾಗಿ ಕಂಪನಿಯ ಸ್ವತ್ತು, ಬ್ಯಾಂಡು ಮುರಿದರೂ ಅದು ಅಲ್ಲೇ.

ಇದರ ಬೆಲೆಯನ್ನೂ ಹೇಳಬೇಕು. ಎಲ್ಲವನ್ನೂ ತಾವೇ ಮಾಡುವಾಗ ಧ್ವನಿಮುದ್ರಣ ಹಿಂದೆ ಬೀಳುತ್ತದೆ. 2000ದ ನಂತರದ ಪೂರ್ಣ ಆಲ್ಬಮ್ ಬಂದದ್ದು 2006ರಲ್ಲಿ, ಅದೇ ಕೊನೆಯದೂ ಆಯಿತು. 2010ರಲ್ಲಿ ತಿರುಗಾಟಕ್ಕೆಂದು ಎರಡು ಇಪಿಗಳು ಬಂದವು. ಆರು ವರ್ಷದ ಆ ಅಂತರ ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ದುರ್ಬಲ ಭಾಗ. ಹೊಸ ಹಾಡಿಲ್ಲದ ತಿರುಗಾಟದಲ್ಲಿ ಹಳೆಯ ಕೇಳುಗರು ಬರುತ್ತಾರೆ, ಹದಿನೇಳರ ಹುಡುಗ ಬರುವುದಿಲ್ಲ.

2015ರಲ್ಲಿ ಪಶ್ಚಿಮ ಕೆನಡಾದ ಸಂಗೀತ ಸಾಧಕರ ಪಟ್ಟಿಗೆ ಬ್ಯಾಂಡಿನ ಹೆಸರು ಸೇರಿತು. 2016ರ ಸೆಪ್ಟೆಂಬರಿನಲ್ಲಿ ತಮ್ಮ ಚುಟುಕಾಗಿ ತಿಳಿಸಿದ, ಬ್ಯಾಂಡು ಮುಗಿಯಿತು ಎಂದು. ಅಣ್ಣನಿಗೆ ಆಗ ಅರವತ್ತು ದಾಟಿತ್ತು. ವಿದಾಯದ ತಿರುಗಾಟ ಇರಲಿಲ್ಲ, ದುಬಾರಿ ಟಿಕೆಟ್ಟಿನ ಕೊನೆಯ ರಾತ್ರಿಯೂ ಇರಲಿಲ್ಲ. ತಮ್ಮ ಬರ್ಲಿನ್‌ನ ಒಂದು ರೋಬೋಟ್ ಬ್ಯಾಂಡಿಗೆ ಹಾಡು ಕಟ್ಟುವ ಕೆಲಸಕ್ಕೆ ಸೇರಿಕೊಂಡ. ಆ ಬ್ಯಾಂಡಿನ ಡ್ರಮ್ಮರ್ ರೋಬೋಟಿಗೆ ನಾಲ್ಕು ಕೈ.